ಪಿಪಿಸಿ ಚೀಲಕ್ಕೆ ಮತ್ತೆ ಬೂದಿ ಸುರೀಬೇಡಿ

ಅಣ್ಣಾ, ಕೊಟ್ಟಿಗೆ ನೆಲಕ್ಕೂ ಮೋಲ್ಡ್‌ಗೂ (ತಾರಸಿಗೂ) ಒಂದು ಚೀಲ ಪಿಪಿಸಿ ಸಿಮೆಂಟಿಗೆ ಎರಡು ಬಾಂಡ್ಲಿ ಆಲೆಮನೆ ಬೂದಿ ಕಲಸ್ತೀನಿ, ಸಿಮೆಂಟ್ ಉಳಿಯುತ್ತೆ ಅಂತ ಬರೆದಿದ್ದೀರಲ್ಲ, ಮೇಸ್ತ್ರಿಗೆ ಇವತ್ತೇ ಬೇಡ ಅಂದ್ಬಿಡಿ. ಪಿಪಿಸಿ ಅಂದ್ರೇನೇ ಬೂದಿ ಬೆರೆಸಿದ ಸಿಮೆಂಟ್, ಅದರಲ್ಲಿ ಆಗಲೇ 15ರಿಂದ 35 ಪರ್ಸೆಂಟ್ ಫ್ಲೈ ಆ್ಯಶ್ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ನುಣ್ಣನೆ ಬೂದಿ) ಇದೆ. ಎಷ್ಟು ಅಂತ ಚೀಲದ ಮೇಲೇ ಅಚ್ಚಾಗಿರುತ್ತೆ, ಯಾರೂ ಓದಲ್ಲ ಅಷ್ಟೆ. ಬೂದಿ ಗಟ್ಟಿಯಾಗೋದು ಸಿಮೆಂಟ್ ಬಿಡೋ ಸುಣ್ಣ ಸಿಕ್ಕಿದ್ರೆ ಮಾತ್ರ. ಆ ಸುಣ್ಣವೆಲ್ಲ ಒಳಗಿರೋ ಬೂದಿಗೇ ಖರ್ಚಾದ್ರೆ ನೀವು ಸುರಿದದ್ದು ಬರೀ ಧೂಳು. ನೆಲ ಪುಡಿ ಬಿಡುತ್ತೆ, ದನದ ಗೊರಸು ಬಿದ್ದ ಕಡೆಯೆಲ್ಲ ಕಿತ್ಕೊಂಡು ಬರುತ್ತೆ.

ಬೆರೆಸಲೇಬೇಕಂದ್ರೆ ಓಪಿಸಿ 53, ಅಂದ್ರೆ ಬೂದಿ ಬೆರೆಸದ 53 ಗ್ರೇಡ್ ಸಿಮೆಂಟ್ ತಗೊಳ್ಳಿ. 40 ಕೆಜಿ ಓಪಿಸಿಗೆ 10 ಕೆಜಿ ಒಳ್ಳೆ ಫ್ಲೈ ಆ್ಯಶ್, ನೀರು 22ರಿಂದ 25 ಲೀಟರ್, ಮರಳು ಒದ್ದೆ ಇದ್ರೆ ಅದಕ್ಕೂ ಕಮ್ಮಿ. ತೂಕ ಹಾಕಿ, ಬಾಂಡ್ಲಿ ಲೆಕ್ಕ ಬೇಡ. 50 ಕೆಜಿ ಸಿಮೆಂಟ್ ಸುಮಾರು 35 ಲೀಟರ್ ಜಾಗ ಹಿಡಿಯುತ್ತೆ. ಬೂದಿ ಅದಕ್ಕಿಂತ ಹಗುರ, ಆಲೆಮನೆ ರಚ್ಚಿನ (ಹಿಂಡಿದ ಕಬ್ಬಿನ ಸಿಪ್ಪೆ) ಬೂದಿ ಇನ್ನೂ ಹಗುರ. ಅಳತೆಯಲ್ಲಿ ಹಾಕಿದ್ರೆ ಒಂದೊಂದು ಸಲಕ್ಕೆ ಒಂದೊಂದು ಥರ ಮಾಲು ಬರುತ್ತೆ. ಜಿಜಿಬಿಎಸ್ (ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಂದ್ರೆ ಕಿಟ್ಟದ ನುಣ್ಣನೆ ಪುಡಿ) ಸಿಕ್ಕಿದ್ರೆ ಇನ್ನೂ ಒಳ್ಳೇದು, ಓಪಿಸಿ ಜೊತೆ ಅರ್ಧಕ್ಕರ್ಧ ಹೋಗುತ್ತೆ. ಆದ್ರೆ ಪಿಎಸ್‌ಸಿ (ಸ್ಲ್ಯಾಗ್ ಸಿಮೆಂಟ್) ಚೀಲಕ್ಕೆ ಅದನ್ನ ಹಾಕ್ಬೇಡಿ, ಅದರಲ್ಲೂ ಸ್ಲ್ಯಾಗ್ ಆಗಲೇ ಇದೆ.

ಆಲೆಮನೆ ಬೂದಿ ಯಾಕೆ ಬೇಡ ಅಂದ್ರೆ, ಗಾಜಿನ ಲೋಟದಲ್ಲಿ ನೀರು ಹಾಕಿ ಒಂದು ಚಮಚ ಬೂದಿ ಬಿಟ್ಟು ಕಲಕಿ ನೋಡಿ. ಮೇಲೆ ತೇಲೋ ಕರಿ ಚೂರುಗಳು ಅರೆಬೆಂದ ರಚ್ಚು, ಅಂದ್ರೆ ಇಂಗಾಲ. ಅದು ನೀರು ಹೀರುತ್ತೆ, ಮಾಲು ಒಣಗಿದ ಹಾಗೆ ಕಾಣುತ್ತೆ, ಮೇಸ್ತ್ರಿ ಇನ್ನೆರಡು ಮಗ್ ನೀರು ಸುರೀತಾನೆ, ಬಲ ಅಲ್ಲೇ ಹೋಯ್ತು. ಫ್ಲೈ ಆ್ಯಶ್‌ನ ಭಾರತೀಯ ಮಾನದಂಡ ಐಎಸ್ 3812 ಪ್ರಕಾರ ಅದರಲ್ಲಿ ಮತ್ತೆ ಕಾಯಿಸಿದ್ರೆ ಸುಟ್ಟು ಹೋಗೋ ಅಂಶ (ಹೆಚ್ಚಾಗಿ ಇಂಗಾಲ) 5 ಪರ್ಸೆಂಟ್ ದಾಟಬಾರದು. ತೆರೆದ ಒಲೆ ಬೂದಿ ಹತ್ತಿರಕ್ಕೂ ಬರಲ್ಲ, ಮಣ್ಣು ಬೇರೆ ಸೇರಿರುತ್ತೆ. ಕೆಲವು ಕಡೆ ಒಲೆಗೆ ಹಳೇ ಟೈರೂ ಹಾಕ್ತಾರೆ. ಟೈರಿನ ಸತು ಸಿಮೆಂಟ್ ಸೆಟ್ ಆಗೋದನ್ನೇ ತಡೆಹಿಡಿಯುತ್ತೆ. ಸಕ್ಕರೆ ಕಾರ್ಖಾನೆ ಬಾಯ್ಲರ್ ಬೂದಿ ಎಷ್ಟೋ ವಾಸಿ, ಆದ್ರೂ ಜರಡಿ ಹಿಡಿದು ನುಣ್ಣಗೆ ಅರೆದ್ರೆ ಮಾತ್ರ, 10 ಪರ್ಸೆಂಟ್ ದಾಟದ ಹಾಗೆ, ಅದೂ ನೆಲಕ್ಕೋ ಕಾಂಪೌಂಡ್ ಬ್ಲಾಕಿಗೋ.

ಮೋಲ್ಡ್‌ಗೆ ಇದ್ಯಾವ ಪ್ರಯೋಗವೂ ಬೇಡ. ಬೂದಿ ಹಾಕಲೇಬೇಕಂದ್ರೆ ಮೊದಲು ಅದೇ ಮಾಲಿನಲ್ಲಿ 150 ಮಿಮೀ ಕ್ಯೂಬ್ (ಪರೀಕ್ಷೆಯ ಕಾಂಕ್ರೀಟ್ ಗಟ್ಟಿ) ಹಾಕಿಸಿ, 7 ಮತ್ತು 28 ದಿನಕ್ಕೆ ಒಡೆಸಿ ಬಲ ನೋಡಿ ಮುಂದುವರಿಯಿರಿ. ಬೂದಿ ಮಾಲು ಮೊದಲ ವಾರ ನಿಧಾನ, ಸೆಂಟ್ರಿಂಗ್ ಬಾಡಿಗೆ ಉಳಿಸೋಕೆ ಬೇಗ ಬಿಚ್ಚಬೇಡಿ. ಕ್ಯೂರಿಂಗ್ 14 ದಿನ ಬೇಕೇ ಬೇಕು, ಮಂಡ್ಯ ಬಿಸಿಲಲ್ಲಿ ಗೋಣಿಚೀಲ ಹಾಸಿ.

ಯಾವ ಬ್ರ್ಯಾಂಡ್ ಸಿಮೆಂಟ್ ಒಳ್ಳೇದು ಅನ್ನೋ ಜಗಳ ನಿಲ್ಲಿಸಿ. ಅಲ್ಟ್ರಾಟೆಕ್ಕೋ ರಾಮ್ಕೋನೋ, ಚೀಲದ ಮೇಲೆ ತಯಾರಾದ ವಾರ ನೋಡಿ, ಮೂರು ತಿಂಗಳು ದಾಟಿದ್ರೆ ವಾಪಸ್ ಕೊಡಿ.

ಕೆಳಗೆ ಕಾಮೆಂಟಲ್ಲಿ ಒಬ್ಬರು ಹಳೇ ಮನೆ ಒಡೆದ ಪುಡಿನೂ ಹಾಕಬಹುದಾ ಅಂದಿದ್ದಾರೆ. ಇಟ್ಟಿಗೆ ಪುಡಿ ಸರಿ, ಕೆಆರ್‌ಎಸ್ ಅಣೆಕಟ್ಟು ಕಟ್ಟಿದ್ದೇ ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿ) ಗಾರೆಯಲ್ಲಿ. ಆದ್ರೆ ಟಾಲ್ಕಂ ಪೌಡರಿನಷ್ಟು ನುಣುಪಿರಬೇಕು, ಸುಟ್ಟು ಕರಕಲಾದ ಇಟ್ಟಿಗೆ ಬೇಡ. ಹಳೇ ಪ್ಲಾಸ್ಟರ್ ಪುಡಿಯಲ್ಲಿ ಬಂಧಿಸೋ ಶಕ್ತಿ ಇಲ್ಲ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರು ಸೇರಿದ್ರಂತೂ ಆರು ತಿಂಗಳಾದ್ಮೇಲೂ ಉಬ್ಬಿ ಬಿರುಕು ಬಿಡುತ್ತೆ. ಒಡೆದ ಕಾಂಕ್ರೀಟನ್ನ ಜಲ್ಲಿ ಮಾಡಿ ನೆಲದ ಕೆಳಗಿನ ಬೆಡ್‌ಗೆ ಹಾಕಿ.

ಆಲೆಮನೆ ಬೂದಿಯಲ್ಲಿ ಟೈರ್ ಇಲ್ಲ ಅಂತ ಖಾತ್ರಿ ಇದ್ರೆ ತಿಪ್ಪೆಗೆ ಹಾಕಿ, ಪೊಟ್ಯಾಶ್ ಸಿಗುತ್ತೆ. ಸವಳು ಗದ್ದೆಗೆ ಮಾತ್ರ ಬೇಡ.