'ಲಾಸ್ಟ್ ಕ್ರಿಸ್‌ಮಸ್' ಹಾಡನ್ನು ಬರೆದವರು ಟೇಲರ್ ಸ್ವಿಫ್ಟ್ ಅವರೇ?

ಅಲ್ಲ, ಬ್ರಿಟನ್ನಿನ ಗಾಯಕ ಜಾರ್ಜ್ ಮೈಕಲ್. ಸಾಹಿತ್ಯ, ರಾಗ, ನಿರ್ಮಾಣ ಮೂರೂ ಅವರದೇ. 1984ರಲ್ಲಿ ತಂದೆ-ತಾಯಿಯ ಮನೆಗೆ ಹೋಗಿದ್ದಾಗ, ಬಾಲ್ಯದ ತಮ್ಮ ಕೋಣೆಯಲ್ಲೇ ಕುಳಿತು ಹಾಡನ್ನು ಕಟ್ಟಿದರು. ಬಿಡುಗಡೆಯಾದದ್ದು 'ವ್ಯಾಮ್!' ಎಂಬ ತಮ್ಮ ಗಾಯನ ಜೋಡಿಯ ಹೆಸರಿನಲ್ಲಿ. ಆದರೆ ಜೊತೆಗಾರ ಆಂಡ್ರ್ಯೂ ರಿಜ್ಲಿ ಧ್ವನಿಮುದ್ರಣದಲ್ಲಿ ಏನನ್ನೂ ನುಡಿಸಿಲ್ಲ. ಸಿಂಥಸೈಜರ್, ಡ್ರಮ್ ಯಂತ್ರ, ಕಿರುಗಂಟೆಗಳ ಕಿಣಿಕಿಣಿ ಕೂಡ ಮೈಕಲ್ ಅವರ ಕೈಯದೇ. ಚಳಿಗಾಲದ ಈ ಹಾಡು ಧ್ವನಿಮುದ್ರಣಗೊಂಡದ್ದು ಆಗಸ್ಟ್ ತಿಂಗಳಲ್ಲಿ, ಲಂಡನ್ನಿನಲ್ಲಿ.

ಟೇಲರ್ ಸ್ವಿಫ್ಟ್ 2007ರಲ್ಲಿ ಹಾಡಿದ್ದು ಮರುಗಾಯನ. ಡೆನ್ಮಾರ್ಕಿನ ವಿಗ್‌ಫೀಲ್ಡ್ 1995ರಲ್ಲಿ ಅದಕ್ಕೆ ನೃತ್ಯದ ಲಯ ಕೊಟ್ಟರು. ಜಿಮ್ಮಿ ಈಟ್ ವರ್ಲ್ಡ್ ತಂಡ ರಾಕ್ ಶೈಲಿಯಲ್ಲಿ ಹಾಡಿತು. 2015ರಲ್ಲಿ ಕಾರ್ಲಿ ರೇ ಜೆಪ್ಸನ್ ಹಾಡಿದರು. ಇಷ್ಟು ಬಗೆಯ ಕಂಠಗಳಿಗೆ ಒಗ್ಗಲು ಕಾರಣವಿದೆ ಎಂದು ನನಗನ್ನಿಸುತ್ತದೆ: ಹಬ್ಬ ಇಲ್ಲಿ ಬರೀ ಹಿನ್ನೆಲೆ, ಹೂರಣವೆಲ್ಲ ಮುರಿದ ಪ್ರೀತಿಯದು. ಆದರೂ ನಾನು ಮತ್ತೆ ಮತ್ತೆ ಕೇಳುವುದು ಮೂಲವನ್ನೇ. ಆ ಕಂಠದಲ್ಲಿರುವ ನೋವು ಬೇರೆಲ್ಲೂ ಸಿಗುವುದಿಲ್ಲ.

1984ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ. ಮೊದಲನೆಯದು ಇಥಿಯೋಪಿಯಾದ ಬರ ಪರಿಹಾರಕ್ಕಾಗಿ ಹಲವು ಗಾಯಕರು ಕೂಡಿ ಹಾಡಿದ 'ಬ್ಯಾಂಡ್ ಏಡ್' ಗೀತೆ. ಅದರಲ್ಲೂ ಮೈಕಲ್ ಹಾಡಿದ್ದರು, ತಮ್ಮ ಹಾಡಿನ ಗೌರವಧನವನ್ನೂ ಅದೇ ಕೆಲಸಕ್ಕೆ ಕೊಟ್ಟರು. 'ಲಾಸ್ಟ್ ಕ್ರಿಸ್‌ಮಸ್' ಅಲ್ಲಿ ಮೊದಲ ಸ್ಥಾನಕ್ಕೇರಿದ್ದು 2021ರ ಜನವರಿಯಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 2016ರ ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದರು.