ಔಷಧದ ದಾಸ್ತಾನಿಗಿಂತ ಮೊದಲು ಆಸ್ಪತ್ರೆಯ ಬಾಗಿಲು

ಪ್ರಶ್ನೆ: ಭಯೋತ್ಪಾದಕರು ವಿಷರಾಸಾಯನಿಕ ಬಳಸಿ ದಾಳಿ ನಡೆಸಿದರೆ ಎದುರಿಸಲು ಪ್ರತ್ಯೌಷಧಗಳನ್ನು ಸಾಕಷ್ಟು ಸಂಗ್ರಹಿಸಿಟ್ಟುಕೊಂಡ ಆಸ್ಪತ್ರೆ ಸಿದ್ಧವಾಗಿದೆ ಎನ್ನಬಹುದೇ?

ಉತ್ತರ: ಸಂಗ್ರಹ ಬೇಕೇ ಬೇಕು, ಆದರೆ ಅಷ್ಟಕ್ಕೇ ಸಿದ್ಧತೆ ಮುಗಿಯಿತು ಎನ್ನಲಾಗದು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಸರಿನ್ ಎಂಬ ನರವಿಷವನ್ನು ಹರಡಿದಾಗ, ಹತ್ತಿರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಆ ಒಂದೇ ದಿನ ಸುಮಾರು 640 ಮಂದಿ ಬಂದರು. ಅವರಲ್ಲಿ ಹೆಚ್ಚಿನವರು ಆಂಬುಲೆನ್ಸ್‌ಗೆ ಕಾಯದೆ, ನಡೆದೋ ಸಿಕ್ಕ ವಾಹನ ಹತ್ತಿಯೋ ಬಂದವರಾದ್ದರಿಂದ ಬಟ್ಟೆಗೆ ಅಂಟಿದ್ದ ವಿಷವೂ ಅವರೊಂದಿಗೇ ಒಳಗೆ ಬಂತು. ರೋಗಿಗಳನ್ನು ಇರಿಸಿದ ಪ್ರಾರ್ಥನಾ ಮಂದಿರದಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಲದೆ ಶುಶ್ರೂಷೆ ಮಾಡುತ್ತಿದ್ದವರೂ ಅಸ್ವಸ್ಥರಾದರು. ಆನಂತರದ ಸಮೀಕ್ಷೆಗೆ ಉತ್ತರಿಸಿದ ಸಿಬ್ಬಂದಿಯಲ್ಲಿ ಶೇ 23ರಷ್ಟು ಮಂದಿ ತಮಗೂ ವಿಷದ ಲಕ್ಷಣಗಳು ಕಾಣಿಸಿಕೊಂಡಿದ್ದವೆಂದು ಹೇಳಿದರು.

ವಿಷ ಯಾವುದೆಂಬ ಮೊದಲ ಮಾಹಿತಿಯೂ ತಪ್ಪಾಗಿತ್ತು. ಸರಿನ್ ಎಂದು ಪೊಲೀಸರು ಪ್ರಕಟಿಸುವ ಹೊತ್ತಿಗೆ ಸುಮಾರು ಮೂರು ಗಂಟೆ ಕಳೆದಿತ್ತು. ಹಿಂದಿನ ವರ್ಷ ಮಾತ್ಸುಮೊಟೊ ನಗರದಲ್ಲಿ ಇದೇ ವಿಷಕ್ಕೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರು ಸುದ್ದಿ ತಿಳಿದು ದೂರವಾಣಿ ಮಾಡಿ ಎಚ್ಚರಿಸಿದ್ದು ದೊಡ್ಡ ನೆರವಾಯಿತು. ಪ್ರಯೋಗಾಲಯದ ಉತ್ತರಕ್ಕೆ ಕಾಯದೆ, ಕುಗ್ಗಿದ ಕಣ್ಣಿನ ಪಾಪೆ, ಸುರಿಯುವ ಜೊಲ್ಲು, ಉಸಿರಾಟದ ತೊಂದರೆ ಇವುಗಳಿಂದಲೇ ನರವಿಷವನ್ನು ಶಂಕಿಸಬಲ್ಲ ವೈದ್ಯರು ಇರಬೇಕಾದದ್ದು ಇದಕ್ಕಾಗಿಯೇ. ನರವಿಷದಂತೆಯೇ ವರ್ತಿಸುವ ಕೀಟನಾಶಕ ಸೇವಿಸಿದವರಿಗೆ ಚಿಕಿತ್ಸೆ ನೀಡಿದ ಅನುಭವವುಳ್ಳವರಿಗೆ ಈ ಲಕ್ಷಣಗಳೂ, ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್ ಎಂಬ ಪ್ರತ್ಯೌಷಧಗಳ ಬಳಕೆಯೂ ಹೊಸತಲ್ಲ.

ಆದ್ದರಿಂದ ಮೊದಲ ತಯಾರಿ ಬಾಗಿಲಲ್ಲಿ ಆಗಬೇಕು. ಒಂದು ಪ್ರವೇಶದ್ವಾರವನ್ನು ಮಾತ್ರ ತೆರೆದಿಟ್ಟು, ಬಂದವರ ಬಟ್ಟೆಗಳನ್ನು ಹೊರಗೇ ಕಳಚಿಸಿ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಮೈ ತೊಳೆಸಿದ ಮೇಲಷ್ಟೇ ಒಳಗೆ ಬಿಡಬೇಕು. ಬಟ್ಟೆ ತೆಗೆದರೆ ಮೈಮೇಲಿನ ವಿಷದ ಬಹುಪಾಲು ಹೋಗುತ್ತದೆ. ಈ ಕೆಲಸಕ್ಕೆ ನಿಲ್ಲುವವರಿಗೆ ರಕ್ಷಣಾ ಉಡುಪು, ಸರದಿಗಾಗಿ ಕಾಯುವವರ ಮಾನ ಮುಚ್ಚಲು ಹೊದಿಕೆ, ಹರಿಯುವ ನೀರು ಇವೆಲ್ಲ ಮೊದಲೇ ಇರಬೇಕು. ಮುಂಚೆ ನಡೆದು ಬಂದವರು ಸಾಮಾನ್ಯವಾಗಿ ಅಷ್ಟು ತೀವ್ರವಾಗಿ ಬಾಧಿತರಾದವರಲ್ಲ. ಹಾಸಿಗೆಗಳನ್ನೆಲ್ಲ ಅವರಿಗೇ ಕೊಟ್ಟುಬಿಟ್ಟರೆ ಆಮೇಲೆ ಬರುವ ಉಸಿರು ಕಟ್ಟಿದವರಿಗೆ ಜಾಗ ಸಿಗದು.

ಅಣಕು ಕಾರ್ಯಾಚರಣೆಗಳ ಬಗೆಗೂ ಒಂದು ಮಾತು. ಸಾಲಾಗಿ ಆಂಬುಲೆನ್ಸ್‌ಗಳು ಬಂದು ನಿಲ್ಲುವ ಪ್ರದರ್ಶನ ನೋಡಲು ಚೆನ್ನ, ನಿಜ. ಆದರೆ ಯಾವ ಮುನ್ಸೂಚನೆಯೂ ಇಲ್ಲದೆ ರಾತ್ರಿಪಾಳಿಯಲ್ಲಿ ನೂರು ಜನ ನಡೆದುಬಂದರೆ ಬಾಗಿಲು ಮುಚ್ಚುವ ಅಧಿಕಾರ ಯಾರಿಗಿದೆ ಎಂಬುದು ಕಾವಲುಗಾರನಿಗೂ ಗೊತ್ತಿದೆಯೇ ಎಂದು ಪರೀಕ್ಷಿಸುವುದು ಹೆಚ್ಚು ಉಪಯುಕ್ತ.