ಬಣ್ಣ ಬಳಿದ ಹಳೆಯ ಸರ್ಫ್ ಬೋರ್ಡ್ ಯಾರು ಮಾಡಿದ್ದು, ಯಾವ ಕಾಲದ್ದು ಎಂದು ತಿಳಿಯುವುದು ಹೇಗೆ?

ಬಣ್ಣ ಕೆರೆಸಲು ಕೊಡಬೇಡಿ. ಈಗಾಗಲೇ ಚಿತ್ರದುರ್ಗದ ಯಾವುದಾದರೂ ಗ್ಯಾರೇಜಿಗೆ ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ. ಗೋಕರ್ಣದಿಂದ ಬಂದ, ಕಡಲ ಅಲೆಯ ಮೇಲೆ ನಿಂತು ಜಾರುವ ಬೋರ್ಡ್, ಮೈತುಂಬ ಎನಾಮೆಲ್ ಪೇಂಟ್, ಕಂಪನಿಯ ಹೆಸರು ಎಲ್ಲೂ ಇಲ್ಲ, ಬಣ್ಣ ತೆಗೆಸಿ ಪಾಲಿಶ್ ಮಾಡಿಸಿದರೆ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನು ಅದನ್ನೇ ಮಾಡಿದೆ, ಅದೂ ನನ್ನ ಕೈಯಾರೆ.

ನಾನು ದಾವಣಗೆರೆಯಲ್ಲಿ ಫೈಬರ್ ಕೆಲಸ ಮಾಡುವವನು. ನೀರಿನ ಟ್ಯಾಂಕ್, ಬಾಗಿಲು, ಬಸ್ಸಿನ ಮುಂಭಾಗ, ಇವೇ ನನ್ನ ಅನ್ನ. ನನ್ನ ಸೋದರಮಾವ 1980ರ ದಶಕದಲ್ಲಿ ಗೋಕರ್ಣದ ಕುಡ್ಲೆ ಕಡಲತೀರದಲ್ಲಿ ಚಹಾದ ಗುಡಿಸಲು ಇಟ್ಟುಕೊಂಡಿದ್ದರು. ಒಬ್ಬ ವಿದೇಶಿ ಹುಡುಗ ಅಲ್ಲಿ ಜ್ವರದಿಂದ ಮಲಗಿದ್ದಾಗ ಅತ್ತೆ ಹನ್ನೆರಡು ದಿನ ಗಂಜಿ ಕಾಯಿಸಿ ಕುಡಿಸಿದ್ದರು. ಮಳೆಗಾಲಕ್ಕೆ ಮುಂಚೆ ಅವನು ತನ್ನ ಬೋರ್ಡನ್ನು ಅವರ ಬಳಿ ಬಿಟ್ಟು, ಮುಂದಿನ ವರ್ಷ ಬರುತ್ತೇನೆ ಎಂದು ಹೋದ. ಬರಲಿಲ್ಲ. ನಾಲ್ಕು ವರ್ಷ ಕಾದು ಮಾವ ಅದಕ್ಕೆ ನೀಲಿ ಬಣ್ಣ ಬಳಿದು, ‘ಚಹಾ, ಊಟ, ಸೋಡಾ’ ಎಂದು ಬರೆಸಿ ಗುಡಿಸಲ ಮುಂದೆ ನಿಲ್ಲಿಸಿದರು. ಊರಿಗೆ ಮರಳಿದಾಗ ಅದೂ ಲಾರಿಯಲ್ಲಿ ಬಂತು, ಅಟ್ಟ ಸೇರಿತು.

ಮಾವನಿಗೆ ಎಪ್ಪತ್ತೈದು ದಾಟಿದ ಮೇಲೆ ಒಂದು ದಿನ ನನ್ನನ್ನು ಕರೆದು, “ಅದು ಯಾವ ದೇಶದಲ್ಲಿ ಮಾಡಿದ್ದು ನೋಡಪ್ಪಾ. ಆ ಹುಡುಗ ಎಲ್ಲಿಯವನು ಅಂತಾದರೂ ತಿಳಿಯಲಿ” ಎಂದರು.

ನಾನು ಶೆಡ್ಡಿಗೆ ತಂದು, ಎರಡು ಸ್ಟೂಲಿನ ಮೇಲೆ ಬೋರಲು ಮಲಗಿಸಿ, ಗ್ರೈಂಡರಿಗೆ 80ರ ಒರಟು ಉಜ್ಜುಕಾಗದ ಹಾಕಿದೆ. ಇಲ್ಲಿ ನಡೆದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಕೊಡಲಿರುವ ಕೆಲಸಗಾರನೂ ಇದನ್ನೇ ಮಾಡುತ್ತಾನೆ. ಟ್ಯಾಂಕಿನ ಗೋಡೆ ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಅಚ್ಚಿನಿಂದ ತೆಗೆದ ಮಾಲಿನ ಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಪದರವೂ ಇರುತ್ತದೆ. ಅಲ್ಲಿ ಗ್ರೈಂಡರ್ ಸ್ವಲ್ಪ ಹೆಚ್ಚು ಓಡಿದರೂ ನಷ್ಟವಿಲ್ಲ, ನನ್ನ ಕೈ ಇಪ್ಪತ್ತು ವರ್ಷ ಪಳಗಿದ್ದು ಆ ದಪ್ಪಕ್ಕೆ. ಕೈಯಲ್ಲಿ ಮಾಡಿದ ಸರ್ಫ್ ಬೋರ್ಡಿನಲ್ಲಿ ಜೆಲ್‌ಕೋಟ್ ಇಲ್ಲ. ಒಳಗೆ ಫೋಮು, ನಟ್ಟನಡುವೆ ತಲೆಯಿಂದ ಬಾಲದವರೆಗೆ ಒಂದು ತೆಳು ಮರದ ಪಟ್ಟಿ, ಮೇಲೆ ಗಾಜಿನ ಬಟ್ಟೆ ಮತ್ತು ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟು. ತಳದಲ್ಲಿ ಬಟ್ಟೆ ಹೆಚ್ಚಾಗಿ ಒಂದೇ ಪದರ. ಎಲ್ಲ ಸೇರಿ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಫೋಮನ್ನು ಕೆತ್ತಿ ಆಕಾರ ಕೊಟ್ಟವನು, ಬಟ್ಟೆ ಹೊದಿಸುವ ಮುಂಚೆ, ಆ ಮರದ ಪಟ್ಟಿಯ ಮೇಲೋ ಪಕ್ಕದಲ್ಲೋ ಪೆನ್ಸಿಲಿನಿಂದ ಉದ್ದ, ಅಗಲ, ದಪ್ಪ, ಎಷ್ಟನೆಯ ಬೋರ್ಡ್ ಎಂಬ ಸಂಖ್ಯೆ, ತನ್ನ ಹೆಸರು ಸಾಮಾನ್ಯವಾಗಿ ಬರೆದಿರುತ್ತಾನೆ. ಅದರ ಮೇಲೆ ರೆಸಿನ್ ಕೂತಾಗ ಬರಹ ಗಾಜಿನೊಳಗೆ ಸಿಕ್ಕಿಕೊಂಡ ಹಾಗೆ ಉಳಿದುಬಿಡುತ್ತದೆ.

ನೀಲಿ ಹೋಯಿತು, ಹಳದಿಗೆ ತಿರುಗಿದ ಮೈ ಕಂಡಿತು. ಬಾಲದ ಹತ್ತಿರ, ಫಿನ್‌ಗಳ (ತಳದಲ್ಲಿ ಮೀನಿನ ರೆಕ್ಕೆಯಂತೆ ನಿಂತ ತುಂಡುಗಳ) ಮುಂದೆ, ಬೂದು ಬಣ್ಣದ ಕಲೆಯೊಂದಿತ್ತು. ಬಣ್ಣ ಎಷ್ಟು ಬಿಟ್ಟಿದೆ ಎಂದು ಮಾವನಿಗೆ ತೋರಿಸಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ಆಮೇಲೆ ಕಲೆ ಹೋಗಲಿ ಎಂದು ಅದೇ ಜಾಗದಲ್ಲಿ ಗ್ರೈಂಡರನ್ನು ಒತ್ತಿ ಹಿಡಿದೆ. ಮೂರು ನಾಲ್ಕು ಸೆಕೆಂಡು. ಬಿಳಿ ಧೂಳಿನ ಜೊತೆಗೆ ಹಳದಿ ಫೋಮಿನ ಪುಡಿ ಹಾರಿತು, ಮರದ ಪಟ್ಟಿ ಹೊಸ ಐಸ್‌ಕ್ರೀಂ ಕಡ್ಡಿಯಂತೆ ಬೆಳ್ಳಗೆ ಬಂತು. ಕಲೆಯೂ ಇಲ್ಲ, ಬರಹವೂ ಇಲ್ಲ.

ಅದು ಏನಾಗಿತ್ತೆಂದು ತಿಳಿದದ್ದು ತಿಂಗಳ ಮೇಲೆ, ಮೂಲ್ಕಿಯಲ್ಲಿ ಬೋರ್ಡ್ ರಿಪೇರಿ ಮಾಡುವವರೊಬ್ಬರಿಗೆ ಆ ಫೋಟೊ ತೋರಿಸಿದಾಗ. ಅವರು ಅದನ್ನು ದೊಡ್ಡದು ಮಾಡಿ, ಕಪ್ಪು ಬಿಳುಪು ಮಾಡಿ, ಗಾಢಗೊಳಿಸಿದರು. ಆರು ಅಡಿ ಎರಡು ಇಂಚು ಎಂಬ ಅಂಕಿ ಕಂಡಿತು. ಪಕ್ಕದಲ್ಲಿ ಇಂಗ್ಲಿಷಿನ ‘ಆರ್’ ಅಕ್ಷರ, ಅದರ ಬಾಲ ಉದ್ದಕ್ಕೆ ಎಳೆದದ್ದು. ಮುಂದಿನದಕ್ಕೆ ನನ್ನ ಹೆಬ್ಬೆರಳಿನ ನೆರಳು ಬಿದ್ದಿತ್ತು. ಅಡಿ ಇಂಚಿನ ಲೆಕ್ಕ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್ ಎಲ್ಲ ಕಡೆಯೂ ಇದೆ, ಅದರಿಂದ ದೇಶ ಗೊತ್ತಾಗುವುದಿಲ್ಲ.

ಆದ್ದರಿಂದ ‘ಕಂಪನಿಯ ಹೆಸರಿಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಇನ್ನೂ ನೋಡಿಲ್ಲ, ಅಷ್ಟೇ. ಹೆಸರು ಎರಡು ಇರಬಹುದು ಎಂಬುದೂ ನೆನಪಿರಲಿ. ತೆಳು ಅಕ್ಕಿಕಾಗದದ ಮೇಲೆ ಅಚ್ಚು ಹಾಕಿ ರೆಸಿನ್ ಅಡಿಗೆ ಸೇರಿಸಿದ ಚಿಹ್ನೆ ಅಂಗಡಿಯದು, ಪೆನ್ಸಿಲ್ ಬರಹ ಕೆತ್ತಿದವನದು. ಚಿಹ್ನೆ ಸಾಮಾನ್ಯವಾಗಿ ಮೇಲ್ಭಾಗದಲ್ಲಿರುತ್ತದೆ.

ಕಾಲ ತಿಳಿಯುವುದು ಇಷ್ಟು ಕಷ್ಟವಲ್ಲ. ಮೂರು ಫಿನ್ ಇದ್ದರೆ ಹೆಚ್ಚಾಗಿ 1981ರದ್ದು ಅಥವಾ ಆಮೇಲಿನದು, ಅದಕ್ಕೆ ಮುಂಚಿನವು ಅಪರೂಪ. ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆಂಡರ್ಸನ್ 1981ರಲ್ಲಿ ಬೆಲ್ಸ್ ಬೀಚ್ ಸ್ಪರ್ಧೆಯಲ್ಲಿ ಮೂರು ಫಿನ್ನಿನ ಬೋರ್ಡಿನಿಂದ ಗೆದ್ದ ಮೇಲೆಯೇ ಅದು ಎಲ್ಲೆಡೆ ಹರಡಿತು. ಫಿನ್‌ಗಳು ಸ್ಕ್ರೂ ಬಿಚ್ಚಿ ತೆಗೆಯುವಂತಿದ್ದು, ಪ್ರತಿಯೊಂದರ ಬುಡದಲ್ಲಿ ಬೋರ್ಡಿನೊಳಗೆ ಕೂರಿಸಿದ ಎರಡೆರಡು ಸಣ್ಣ ದುಂಡು ಪ್ಲಾಸ್ಟಿಕ್ ಬಿಲ್ಲೆ ಇದ್ದರೆ 1990ರ ದಶಕ ಅಥವಾ ಆಮೇಲಿನದು. ಕಾಲಿಗೆ ಕಟ್ಟುವ ಹಗ್ಗ ಬಂದದ್ದು 1970ರ ದಶಕದ ಆರಂಭದಲ್ಲಿ, ಆದರೆ ಹಗ್ಗದ ಕೊಂಡಿಯನ್ನು ಹಳೆಯ ಬೋರ್ಡಿಗೂ ಕೂಡಿಸಬಹುದು, ಅದೊಂದನ್ನೇ ನಂಬಬೇಡಿ. ನಮ್ಮದು ಮೂರು ಫಿನ್, ಮೈಗೇ ಅಂಟಿಸಿದ್ದು. ಅದು ಹೇಳಿದ ಕಾಲ ಮಾವನಿಗೆ ಮೊದಲೇ ಗೊತ್ತಿತ್ತು.

ಈಗ ನೀವು ಮಾಡಬೇಕಾದದ್ದು ಇಷ್ಟು. ಪೇಂಟ್ ರಿಮೂವರ್ ಬೇಡ, ಅದು ರೆಸಿನ್ನನ್ನೂ ಮೆತ್ತಗೆ ಮಾಡುತ್ತದೆ. ಬೇಸಿಗೆಯ ಬಿಸಿಲಿಗೂ ಇಡಬೇಡಿ, ಬಟ್ಟೆ ಉಬ್ಬಿ ಎದ್ದೀತು. ನೆರಳಿನಲ್ಲಿ, ತಳದಲ್ಲಿ, ಫಿನ್‌ಗಳ ಮುಂದೆ ಮರದ ಪಟ್ಟಿಯ ಮೇಲೆ ಅಂಗೈಯಗಲದ ಜಾಗ ಗುರುತು ಮಾಡಿ. 400ರ ನಯವಾದ ವಾಟರ್ ಪೇಪರ್, ಸೋಪು ನೀರು, ಯಂತ್ರವಿಲ್ಲದೆ ಕೈಯಿಂದಲೇ ಉಜ್ಜಿ. ಬಣ್ಣ ಮುಗಿದು ರೆಸಿನ್ ಕಂಡ ತಕ್ಷಣ ನಿಲ್ಲಿಸಿ. ಮೈ ಮಂಜು ಮಂಜಾಗಿ ಕಾಣುತ್ತದೆ, ಹೆದರಬೇಡಿ, ಮೇಲೆ ನೀರು ಸವರಿದರೆ ತಿಳಿಯಾಗುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು, ನೆರಳು ಬೀಳದಂತೆ ಹತ್ತು ಫೋಟೊ ತೆಗೆಯಿರಿ. ಅಲ್ಲಿ ಸಿಗದಿದ್ದರೆ ಪಟ್ಟಿಯ ಮೇಲೆಯೇ ಇನ್ನೊಂದು ಅಂಗೈ ಮುಂದಕ್ಕೆ ಹೋಗಿ.

ಬೆಲೆಯ ವಿಚಾರ ಆಮೇಲೆ ನೋಡೋಣ. ಮೊದಲು ಫೋಟೊ ಇಲ್ಲಿ ಹಾಕಿ. ಬಾಲ ಉದ್ದಕ್ಕೆ ಎಳೆದ ‘ಆರ್’ ಏನಾದರೂ ಕಂಡರೆ ರಾತ್ರಿಯಾದರೂ ತಿಳಿಸಿ. ಮಾವ ಇನ್ನೂ ಕೇಳುತ್ತಿದ್ದಾರೆ.